ಉಡುಪಿಯ ಸೆಖೆಯಲ್ಲಿ ಮಗಳ ಓಟದ ಅಭ್ಯಾಸ: ಹೀಟ್ ಸ್ಟ್ರೋಕ್ ತಡೆಯುವುದು ಹೇಗೆ?

ಪಿಯುಸಿ ಓದುವ ಮಗಳು 1500 ಮೀಟರ್ ಓಟಕ್ಕೆ ತಯಾರಾಗುತ್ತಿದ್ದಾಳೆ, ಅವಳ ತರಬೇತುದಾರರು ಏಪ್ರಿಲ್‌ನಲ್ಲೂ ಮಧ್ಯಾಹ್ನ ಮೂರಕ್ಕೇ ಓಡಿಸುತ್ತಾರೆ, ‘ಕಲಬುರಗಿಯಲ್ಲಿ 42 ಡಿಗ್ರಿ, ಇಲ್ಲಿ ಬರೀ 34, ಏನೂ ಆಗುವುದಿಲ್ಲ’ ಎನ್ನುತ್ತಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಅಜ್ಜರಕಾಡು ಮೈದಾನದಲ್ಲಿ ಮಕ್ಕಳನ್ನು ಓಡಿಸುವವನಾಗಿ ಹೇಳುತ್ತೇನೆ: ಸರಿಯಲ್ಲ.

ಓಡುವವರ ಮೈ ತಣಿಯುವುದು ಮುಖ್ಯವಾಗಿ ಬೆವರು ಆರುವುದರಿಂದ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಧಾರಾಕಾರ ಇಳಿಯುತ್ತದೆ, ಆದರೆ ಆರುವುದಿಲ್ಲ. ಅಭ್ಯಾಸ ಮುಗಿಸಿ ಹುಡುಗರು ಬನಿಯನ್ ಹಿಂಡುವುದನ್ನು ನೋಡಿ; ಹಾಗೆ ಇಳಿಯುವ ನೀರೆಲ್ಲ ಮೈ ತಣಿಸದೆ ವ್ಯರ್ಥವಾದ ಬೆವರು. ಕ್ರೀಡಾ ವೈದ್ಯರು ನೆಚ್ಚುವ ವೆಟ್ ಬಲ್ಬ್ ಗ್ಲೋಬ್ ಅಳತೆಯಲ್ಲಿ ಒದ್ದೆ ಬಲ್ಬಿಗೆ, ಅಂದರೆ ಗಾಳಿಯ ತೇವವನ್ನೂ ಲೆಕ್ಕಕ್ಕೆ ತರುವ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ, ಶೇ 70, ಬಿಸಿಲಿನ ಝಳಕ್ಕೆ ಶೇ 20 ಪಾಲು. ನಾವು ದಿನಾ ಮಾತಾಡುವ 34 ಡಿಗ್ರಿಗೆ ಸಿಗುವುದು ಉಳಿದ ಶೇ 10 ಮಾತ್ರ. ಕಲಬುರಗಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಮೊದಲು ಸಮಯ ಬದಲಿಸಿ. ಬೆಳಿಗ್ಗೆ ಆರಕ್ಕೆ ತೇವ ಇನ್ನೂ ಹೆಚ್ಚೇ ಇರುತ್ತದೆ, ಆದರೂ ಬಿಸಿಲಿಲ್ಲ, ನೆಲ ಕಾದಿಲ್ಲ. ಕಠಿಣ ಓಟಗಳನ್ನೆಲ್ಲ ಆಗಲೇ ಮುಗಿಸಬೇಕು. ಎರಡನೆಯದು, ಮೈಯನ್ನು ಒಗ್ಗಿಸುವುದು. ಬೆಂಗಳೂರಿನ ತಂಪಿನಿಂದ ಬಂದವರಿಗೆ, ರಜೆ ಮುಗಿಸಿದವರಿಗೆ ಸೆಖೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಓಟದ ಹೊತ್ತನ್ನೂ ವೇಗವನ್ನೂ ಸ್ವಲ್ಪಸ್ವಲ್ಪವೇ ಏರಿಸಬೇಕು. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿ ಇದ್ದರೆ ಆ ದಿನ ಓಟವೇ ಬೇಡ. ನನಗೆ ಹೆಚ್ಚು ಭಯ ಸೋಮಾರಿಗಳದ್ದಲ್ಲ, ಸುಸ್ತಾದರೂ ಬಾಯಿ ಬಿಡದ ಹಟಮಾರಿಗಳದ್ದು.

ನೀರು ಕಡಿಮೆ ಕುಡಿಯುವುದೂ ಕೆಟ್ಟದ್ದು, ಅತಿಯಾಗಿ ಕುಡಿಯುವುದೂ ಕೆಟ್ಟದ್ದು. ಓಟಕ್ಕೆ ಮುಂಚೆ, ನಂತರ ತೂಕ ನೋಡಿ. 50 ಕಿಲೋ ಹುಡುಗಿ ಒಂದು ಕಿಲೋಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದಾಳೆ, ಅದರಿಂದ ರಕ್ತದ ಸೋಡಿಯಂ ಕುಸಿಯುವ ಅಪಾಯವೂ ಇದೆ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಆ ಕೆಲಸಕ್ಕೆ ಹೆಚ್ಚು ಸರಿ. ಇಷ್ಟಾದರೂ ನೀರು ಕುಡಿದವರಿಗೆ ಹೀಟ್ ಸ್ಟ್ರೋಕ್ ಬರುವುದಿಲ್ಲ ಎಂದು ನಂಬಬೇಡಿ.

ಮೈದಾನದಲ್ಲಿ ಗಮನಿಸಬೇಕಾದ್ದು ನಡವಳಿಕೆಯನ್ನು. ಚೆನ್ನಾಗಿ ಓಡುತ್ತಿದ್ದವಳು ತಡವರಿಸಿದರೆ, ವಿನಾಕಾರಣ ಸಿಡುಕಿದರೆ, ಕೇಳಿದ್ದೊಂದು ಹೇಳಿದ್ದೊಂದು ಆದರೆ ತಕ್ಷಣ ನಿಲ್ಲಿಸಿ. ‘ಮೈ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ಮಾತು ಓಟಗಾರರಿಗೆ ಅನ್ವಯಿಸುವುದಿಲ್ಲ. ಮೈ ಪೂರ್ತಿ ಬೆವರಿದ್ದರೂ ಒಳಗಿನ ತಾಪ 40 ಡಿಗ್ರಿ ದಾಟಿರಬಹುದು. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಆಗ ನಂಬುವಂತಿಲ್ಲ.

108ಕ್ಕೆ ಕರೆ ಮಾಡಿ, ಆದರೆ ಆಂಬುಲೆನ್ಸ್ ಬರಲಿ ಎಂದು ಕೈಕಟ್ಟಿ ಕೂರಬೇಡಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಅರ್ಧ ಗಂಟೆಯೊಳಗೆ ತಾಪ ಇಳಿದರೆ ಬಹುತೇಕ ಜೀವ ಉಳಿಯುತ್ತದೆ. ನಾವು ಒಂದು ಟಾರ್ಪಾಲು, ನೀರಿನ ಡ್ರಮ್ಮು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಇಟ್ಟುಕೊಳ್ಳುತ್ತೇವೆ. ಮಲ್ಪೆ ಬಂದರು ಪಕ್ಕದಲ್ಲೇ ಇರುವ ಊರಿನಲ್ಲಿ ಐಸ್ ಸಿಗಲಿಲ್ಲ ಎಂದರೆ ಯಾರು ನಂಬುತ್ತಾರೆ? (ಮೀನಿನ ಐಸನ್ನು ಕುಡಿಯುವ ನೀರಿಗೆ ಮಾತ್ರ ಹಾಕಬೇಡಿ.) ನಾಲ್ಕೈದು ಮಂದಿ ಟಾರ್ಪಾಲಿನ ಅಂಚನ್ನು ಎತ್ತಿ ಹಿಡಿದು, ನಡುವೆ ಅವಳನ್ನು ಮಲಗಿಸಿ, ನೀರು ಮತ್ತು ಐಸ್ ಸುರಿದು, ನೀರು ಕದಡುವಂತೆ ತೂಗುತ್ತಿರಬೇಕು. ತಲೆ ನೀರಿನಿಂದ ಮೇಲೆಯೇ ಇರುವಂತೆ ಒಬ್ಬರು ಹಿಡಿದಿರಲಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು; ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ.

ಎದ್ದು ಕುಳಿತು ‘ಈಗ ಸರಿಯಾಯಿತು’ ಎಂದರೂ ಮನೆಗೆ ಕರೆದೊಯ್ಯಬೇಡಿ. ಮೂತ್ರಪಿಂಡ, ಯಕೃತ್ತಿಗೆ ಪೆಟ್ಟು ಬಿದ್ದಿದೆಯೇ ಎಂಬುದು ರಕ್ತ ಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಬಂದ ಮೇಲೂ ಕನಿಷ್ಠ ಒಂದು ವಾರ ವಿಶ್ರಾಂತಿ, ಆಮೇಲೆ ವೈದ್ಯರು ಒಪ್ಪಿದರೆ ಮಾತ್ರ ಮೈದಾನ.