ಸರ್ವರ್‌ಗೆ ಉಬುಂಟು 24.04 ಹಾಕಲೋ, 25.10 ಹಾಕಲೋ?

24.04 ಹಾಕಿ. ಉಬುಂಟು ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. ಆವೃತ್ತಿಯ ಅಂಕಿಯೇ ವರ್ಷ, ತಿಂಗಳು. ಸಮ ವರ್ಷದ ಏಪ್ರಿಲ್ ಆವೃತ್ತಿ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವಂಥದ್ದು), ಅದಕ್ಕೆ 5 ವರ್ಷ ಭದ್ರತಾ ಅಪ್‌ಡೇಟ್. ಉಳಿದವಕ್ಕೆ ಬರೀ 9 ತಿಂಗಳು: 25.10ಕ್ಕೆ ಜುಲೈ 2026ರವರೆಗೆ ಮಾತ್ರ.

ಅವಧಿ ಮುಗಿದ ಮೇಲೆ ಆ ಆವೃತ್ತಿಯ ಪ್ಯಾಕೇಜುಗಳನ್ನು (ಸಾಫ್ಟ್‌ವೇರ್ ಕಡತಗಳನ್ನು) ಹಳೆಯ ಆವೃತ್ತಿಗಳ ಸರ್ವರ್‌ಗೆ ಸಾಗಿಸುತ್ತಾರೆ. ಆಗ ‘ಆಪ್ಟ್ ಅಪ್‌ಡೇಟ್’ (ಪ್ಯಾಕೇಜ್ ಪಟ್ಟಿ ತರುವ ಆದೇಶ) ಕೊಟ್ಟರೆ ಸಾಲುಸಾಲಾಗಿ 404, ಅಂದರೆ ‘ಕಡತ ಸಿಗಲಿಲ್ಲ’ ಎಂಬ ದೋಷ ಬರುತ್ತದೆ. ರೆಪೊ (ಪ್ಯಾಕೇಜುಗಳ ಭಂಡಾರ) ವಿಳಾಸವನ್ನು ಕೈಯಾರೆ ತಿದ್ದದೆ ಅಪ್‌ಗ್ರೇಡ್ ಕೂಡ ಆಗುವುದಿಲ್ಲ. ನಡೆಯುತ್ತಿರುವ ಸರ್ವರ್‌ಗೆ ಈ ಪಾಡು ಖಂಡಿತ ಬೇಡ.

ಮುಂದಿನ ಎಲ್‌ಟಿಎಸ್‌ಗೆ ಹೋಗಲೂ ಆತುರಪಡಬೇಡಿ. ಅದು ಏಪ್ರಿಲ್‌ನಲ್ಲಿ ಬಂದರೂ ಹಳೆಯ ಎಲ್‌ಟಿಎಸ್‌ಗೆ ಅಪ್‌ಗ್ರೇಡ್ ಸೂಚನೆ ಬರುವುದು ಆಗಸ್ಟ್ ಹೊತ್ತಿಗೆ, ಅದರ ಮೊದಲ ತಿದ್ದುಪಡಿ ಆವೃತ್ತಿ ‘.1’ ಬಿಡುಗಡೆಯಾದ ಮೇಲೆ.

ಇನ್ನೊಂದು ಮಾತು: 5 ವರ್ಷದ ಭರವಸೆ ಉಬುಂಟುವಿನ ಮುಖ್ಯ ಪ್ಯಾಕೇಜುಗಳಿರುವ ‘ಮೇನ್’ ರೆಪೊಗೆ. ಸಮುದಾಯ ನೋಡಿಕೊಳ್ಳುವ ‘ಯೂನಿವರ್ಸ್’ ರೆಪೊದ ಪ್ಯಾಕೇಜುಗಳಿಗೂ ಬೇಕಿದ್ದರೆ ಉಬುಂಟು ಪ್ರೊ ಎಂಬ ಚಂದಾ ಸೇವೆ ಜೋಡಿಸಿ. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಉಚಿತ.