ಸಂಪಾದಕರ ಉತ್ತರ: ನೂರಕ್ಕೆ ಹದಿಮೂರು ಪಾಲಿನ ಯಜಮಾನರು

ಕಂಪನಿ ಮುಖ್ಯಸ್ಥರ ಸಂಬಳದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ದಾವಣಗೆರೆಯಿಂದ ಒಬ್ಬರು ಪತ್ರ ಬರೆದಿದ್ದಾರೆ. ನಿವೃತ್ತ ಬ್ಯಾಂಕ್ ನೌಕರರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ತಿರುಳು ಇಷ್ಟು: "ಕಂಪನಿ ಕಟ್ಟಿದವನು ಮನೆ ಯಜಮಾನ ಇದ್ದ ಹಾಗೆ. ಮ್ಯಾನೇಜರ್ ಎಷ್ಟೇ ಓದಿರಲಿ, ಸಂಬಳಕ್ಕೆ ಬಂದವನು. 2017ರಲ್ಲಿ ಇನ್ಫೋಸಿಸ್‌ನಲ್ಲಿ ಆದದ್ದು ನೋಡಿ. ಹತ್ತು ಸಾವಿರ ರೂಪಾಯಿಯಲ್ಲಿ ಕಂಪನಿ ಕಟ್ಟಿದ ನಾರಾಯಣ ಮೂರ್ತಿಯವರ ಮಾತಿಗೇ ಬೆಲೆ ಇರಲಿಲ್ಲ. ಬಿಟ್ಟುಹೋಗುವ ಅಧಿಕಾರಿಗೆ 17 ಕೋಟಿ ಕೊಡಲು ಹೊರಟರು. ಕಟ್ಟಿದವರ ಕೈಗೆ ವಾಪಸ್ ಬಂದ ಮೇಲೇ ಎಲ್ಲ ಸರಿಹೋಯಿತು. ಇದನ್ನು ನೀವು ಯಾಕೆ ಬರೆಯುವುದಿಲ್ಲ?"

ಬರೆಯುತ್ತೇನೆ ಸ್ವಾಮಿ. ಆದರೆ ನೀವು ಬಯಸಿದ ಹಾಗೆ ಬರೆಯಲಾರೆ.

ಮೊದಲು ನಿಮ್ಮನ್ನು ಮೆಚ್ಚಬೇಕು. ಷೇರು ಇಟ್ಟುಕೊಂಡು ಬೆಲೆ ಮಾತ್ರ ನೋಡುವವರೇ ಜಾಸ್ತಿ. ಕಂಪನಿಯ ಒಳಗೆ ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆ. ಆ 17 ಕೋಟಿಯ ವಿಷಯದಲ್ಲಂತೂ ನಿಮ್ಮ ಸಿಟ್ಟು ನ್ಯಾಯವಾದದ್ದೇ. 2015ರಲ್ಲಿ ಕೆಲಸ ಬಿಟ್ಟ ಹಣಕಾಸು ಮುಖ್ಯಸ್ಥರಿಗೆ 17.38 ಕೋಟಿ ಕೊಡುವುದೆಂದು ಒಪ್ಪಂದವಾಯಿತು. ಸುಮಾರು ಐದು ಕೋಟಿ ಕೊಟ್ಟು, ಗಲಾಟೆ ಶುರುವಾದ ಮೇಲೆ ಉಳಿದದ್ದನ್ನು ತಡೆಹಿಡಿದರು. ಆ ಅಧಿಕಾರಿ ಮಧ್ಯಸ್ಥಿಕೆಗೆ ಹೋದರು. 2018ರಲ್ಲಿ 12.17 ಕೋಟಿಯನ್ನು ಬಡ್ಡಿ ಸಮೇತ ಕೊಡಿ ಎಂದು ತೀರ್ಪಾಯಿತು. ಲೆಕ್ಕ ಗೊತ್ತಿರುವ ಮನುಷ್ಯ ಹೊರಗೆ ಹೋಗುವಾಗ ಅಷ್ಟು ದುಡ್ಡು ಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಮೂರ್ತಿಯವರು ಕೇಳಿದ್ದು ತಪ್ಪಲ್ಲ. ಸ್ವಂತಕ್ಕೆ ಅವರು ಏನನ್ನೂ ಕೇಳಲಿಲ್ಲ ಎನ್ನುವುದನ್ನೂ ಒಪ್ಪಬೇಕು.

ನಿಮ್ಮ ವಾದಕ್ಕೆ ದೊಡ್ಡವರ ಬೆಂಬಲವೂ ಇದೆ. ಪರರ ದುಡ್ಡು ನೋಡಿಕೊಳ್ಳುವವರು ಸ್ವಂತ ದುಡ್ಡಿನಷ್ಟು ಜತನವಾಗಿ ಅದನ್ನು ಕಾಯುತ್ತಾರೆ ಎಂದು ನಿರೀಕ್ಷಿಸಬೇಡಿ ಎಂದು ಆಡಂ ಸ್ಮಿತ್ 1776ರಲ್ಲೇ ಎಚ್ಚರಿಸಿದ್ದ. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಇನ್ಫೋಸಿಸ್‌ನ ಯಜಮಾನ ಯಾರು? 2017ರಲ್ಲಿ ಸಂಸ್ಥಾಪಕರು, ಅವರ ಮನೆಯವರು ಎಲ್ಲ ಸೇರಿ ಹೊಂದಿದ್ದ ಪಾಲು ನೂರಕ್ಕೆ 12.75. ಹದಿಮೂರು ಅನ್ನಿ, ಧಾರಾಳವಾಗಿ. ಮಿಕ್ಕ ಎಂಬತ್ತೇಳು ಎಲ್‌ಐಸಿ, ಮ್ಯೂಚುವಲ್ ಫಂಡ್, ವಿದೇಶಿ ಫಂಡ್ ಮತ್ತು ನಿಮ್ಮಂಥವರದು. 1993ರಲ್ಲಿ ಒಂದು ಷೇರಿಗೆ 95 ರೂಪಾಯಿ ಪಡೆದು ಸಾರ್ವಜನಿಕರನ್ನು ಒಳಗೆ ಕರೆದರಲ್ಲ, ಅವತ್ತೇ ಅದು ಒಬ್ಬರ ಮನೆಯಾಗಿ ಉಳಿಯಲಿಲ್ಲ. ನಿಮ್ಮ ಹತ್ತಿರ ಅರವತ್ತು ಷೇರು ಇದೆ ಎಂದು ಬರೆದಿದ್ದೀರಿ. ಹಾಗಾದರೆ ನೀವೂ ಯಜಮಾನರೇ. ಪತ್ರದ ತುಂಬ ಮೂರ್ತಿಯವರ ಪರವಾಗಿ ವಾದ ಮಾಡಿದ್ದೀರಿ. ನಿಮ್ಮ ಪರವಾಗಿ ಒಂದು ಸಾಲೂ ಇಲ್ಲ.

ಆ ವರ್ಷ ನಿಮಗೇನಾಯಿತು ಎಂದು ನಾನೇ ನೆನಪಿಸುತ್ತೇನೆ. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಸೋರಿದ ಇಮೇಲ್‌ಗಳಲ್ಲಿ ಜಗಳ ನಡೆಯಿತು. ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಸಂಸ್ಥಾಪಕರಲ್ಲದ ಮೊದಲ ಸಿಇಒ ಅವರು. ಮೂರ್ತಿಯವರ ಎಡೆಬಿಡದ ದಾಳಿಯೇ ಇದಕ್ಕೆ ಮುಖ್ಯ ಕಾರಣ ಎಂದು ಆಡಳಿತ ಮಂಡಳಿ ಬಹಿರಂಗವಾಗಿಯೇ ಹೇಳಿತು. ಅವತ್ತು ಷೇರು ನೂರಕ್ಕೆ ಹತ್ತರಷ್ಟು ಬಿತ್ತು. ಸುಮಾರು 22 ಸಾವಿರ ಕೋಟಿ ರೂಪಾಯಿ ಮೌಲ್ಯ ಒಂದೇ ದಿನದಲ್ಲಿ ಕರಗಿತು. ಅದರ ಬಹುಪಾಲು ಆ ಎಂಬತ್ತೇಳು ಪಾಲಿನವರ ಜೇಬಿನಿಂದ ಹೋದದ್ದು. ಇಷ್ಟು ಗಲಾಟೆಯ ಇನ್ನೊಂದು ಬೇರು ಪನಾಯಾ. 2015ರಲ್ಲಿ 20 ಕೋಟಿ ಡಾಲರಿಗೆ ಕೊಂಡ ಇಸ್ರೇಲಿ ಕಂಪನಿ. ಅದರಲ್ಲಿ ಏನೋ ಅವ್ಯವಹಾರ ಇದೆ ಎಂಬ ಅನಾಮಧೇಯ ದೂರು ಬಂದು, ತನಿಖೆಯಾಗಿ, ಏನೂ ಸಿಕ್ಕಿಲ್ಲ ಎಂದು ಹಳೆಯ ಮಂಡಳಿ ಹೇಳಿತ್ತು. ಇನ್ನೊಬ್ಬ ಸಂಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೊಸ ಮಂಡಳಿಯೂ ಅದನ್ನೇ ಹೇಳಿತು. ದುಬಾರಿಗೆ ಕೊಂಡರು ಅನ್ನಿ, ಒಪ್ಪುತ್ತೇನೆ. ಕದ್ದರು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಹಾಗಾದರೆ ಅಷ್ಟೊಂದು ನಷ್ಟ ಯಾತಕ್ಕಾಯಿತು ಅಂತ ನೀವಲ್ಲವೇ ಕೇಳಬೇಕಾದ್ದು?

ಬಿಡಿ, ಮೂರ್ತಿಯವರು ಸಜ್ಜನರು. ಬೆಂಗಳೂರಿನದೇ ಇನ್ನೊಂದು ಕಥೆ ಹೇಳುತ್ತೇನೆ. ಯುನೈಟೆಡ್ ಸ್ಪಿರಿಟ್ಸ್, ಮದ್ಯದ ಕಂಪನಿ. ಅದರ ಬಹುಪಾಲು ಆಗಲೇ ಬ್ರಿಟನ್ನಿನ ಡಿಯಾಜಿಯೊ ಕೈಗೆ ಹೋಗಿತ್ತು. ಆದರೂ ಅಧ್ಯಕ್ಷರ ಕುರ್ಚಿಯಲ್ಲಿ ವಿಜಯ್ ಮಲ್ಯ. ಕಂಪನಿಯ ಹಣ ಮಲ್ಯರ ಬೇರೆ ಕಂಪನಿಗಳಿಗೆ ಹೋಗಿದೆ ಎಂದು 2015ರಲ್ಲಿ ಒಳಗಿನ ವಿಚಾರಣೆಯೇ ಹೇಳಿತು. ಮಂಡಳಿ ಇಳಿಯಿರಿ ಎಂದಿತು. ಅವರು ಇಳಿಯಲಿಲ್ಲ. ಕೊನೆಗೆ 2016ರ ಫೆಬ್ರವರಿಯಲ್ಲಿ ಡಿಯಾಜಿಯೊ ಏಳೂವರೆ ಕೋಟಿ ಡಾಲರ್ ಕೊಡಲು ಒಪ್ಪಿ ಇಳಿಸಿತು. ನಮ್ಮ ಲೆಕ್ಕದಲ್ಲಿ ಐನೂರು ಕೋಟಿಗೂ ಜಾಸ್ತಿ. ಅದರಲ್ಲಿ ನಾಲ್ಕು ಕೋಟಿ ಡಾಲರ್ ಮೊದಲೇ ಸಂದಾಯ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ ಆ ಹಣಕ್ಕೆ ತಡೆ ಕೊಡುವ ಹೊತ್ತಿಗೆ ಮಲ್ಯ ದೇಶ ಬಿಟ್ಟಾಗಿತ್ತು. ಸಂಬಳದವನಿಗೆ 17 ಕೋಟಿ ಕೊಟ್ಟರೆ ನಿಮಗೆ ನಿದ್ದೆ ಬರಲ್ಲ. "ಯಜಮಾನ" ಬಾಗಿಲು ದಾಟಲು ಐನೂರು ಕೋಟಿ ಪಡೆಯಲು ಹೊರಟಾಗ ನೀವು ಯಾವ ಪತ್ರಿಕೆಗೆ ಪತ್ರ ಬರೆದಿರಿ? ನಮಗಂತೂ ಬರೆಯಲಿಲ್ಲ.

ಮ್ಯಾನೇಜರ್ ಮಾಲೀಕನನ್ನು ವಂಚಿಸುತ್ತಾನೆ ಎನ್ನುವುದು ಮುಖ್ಯವಾಗಿ ಅಮೆರಿಕದ ತಲೆನೋವು. ಅಲ್ಲಿ ದೊಡ್ಡ ಕಂಪನಿಗಳ ಷೇರು ಲಕ್ಷಾಂತರ ಜನರಲ್ಲಿ ಚದುರಿಹೋಯಿತು. ಯಜಮಾನನೇ ಇಲ್ಲದ ಕಡೆ ಮ್ಯಾನೇಜರ್ ದೊರೆಯಾದ. ನಾವು ಆ ತಲೆನೋವಿನ ಮಾತ್ರೆಯನ್ನು ತಂದು ನಮ್ಮ ಹೊಟ್ಟೆನೋವಿಗೆ ನುಂಗುತ್ತಿದ್ದೇವೆ. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ಒಂದು ಕುಟುಂಬದ ಹಿಡಿತದಲ್ಲಿವೆ. ಇಲ್ಲಿಯ ಪ್ರಶ್ನೆ ಬೇರೆ: ಸಣ್ಣ ಪಾಲಿನ ಧಣಿ ದೊಡ್ಡ ಪಾಲಿನವರ ದುಡ್ಡನ್ನು ಏನು ಮಾಡುತ್ತಾನೆ?

ಇದು ಹೊಸದೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಮ್ಯಾನೇಜಿಂಗ್ ಏಜೆನ್ಸಿ ಅಂತ ಒಂದು ಪದ್ಧತಿ ಇತ್ತು. ಬೆಂಗಳೂರಿನ ಬಿನ್ನಿ ಮಿಲ್ಲನ್ನು ನಡೆಸುತ್ತಿದ್ದದ್ದು ಮದ್ರಾಸಿನ ಬಿನ್ನಿ ಕಂಪನಿ, ಹಾಗೇ ಏಜೆಂಟರಾಗಿ. ಈ ಪದ್ಧತಿಯ ಚಮತ್ಕಾರ ಕೇಳಿ. ಏಜೆಂಟರು ಮಿಲ್ಲಿನಲ್ಲಿ ಒಂದಿಷ್ಟು ಷೇರು ಇಟ್ಟುಕೊಂಡು, ದೀರ್ಘಾವಧಿಯ ಒಪ್ಪಂದ ಬರೆಸಿಕೊಳ್ಳುತ್ತಿದ್ದರು. ಎಷ್ಟೋ ಕಡೆ ಅವರ ಕಮಿಷನ್ ಲಾಭದ ಮೇಲಿರಲಿಲ್ಲ, ಮಾರಾಟದ ಮೇಲೋ ಉತ್ಪಾದನೆಯ ಮೇಲೋ ಇತ್ತು. ಮಿಲ್ಲಿಗೆ ನಷ್ಟವಾದರೂ ಏಜೆಂಟರಿಗೆ ಆದಾಯ. ಯಂತ್ರ ಕೊಂಡರೆ ಅದಕ್ಕೂ ಕಮಿಷನ್, ಹತ್ತಿ ಕೊಂಡರೆ ಅದಕ್ಕೂ ಕಮಿಷನ್. ಷೇರುದಾರರು ಡಿವಿಡೆಂಡ್ ಬರುತ್ತದೆಂದು ಬಾಗಿಲು ನೋಡುತ್ತಾ ಕೂರುವುದು. 1956ರ ಕಾನೂನು ಅವರ ಸಂಭಾವನೆಗೆ ನಿವ್ವಳ ಲಾಭದ ನೂರಕ್ಕೆ ಹತ್ತು ಎಂದು ಮಿತಿ ಹಾಕಿತು. 1970ರ ಏಪ್ರಿಲ್‌ನಲ್ಲಿ ಪದ್ಧತಿಯೇ ರದ್ದಾಯಿತು. ಬಿನ್ನಿ ಮಿಲ್ ಜಾಗದಲ್ಲಿ ಈಗ ಮಾಲ್, ಅಪಾರ್ಟ್‌ಮೆಂಟ್ ಎದ್ದಿವೆ. ಆ ಏಜೆಂಟರ ಬುದ್ಧಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಸತ್ಯಂ ನೆನಪಿದೆಯಲ್ವಾ? 2008ರ ಡಿಸೆಂಬರ್ 16. ಹೈದರಾಬಾದಿನ ಆ ಕಂಪನಿಯ ಆಡಳಿತ ಮಂಡಳಿ ಕೂತು, ಕಂಪನಿ ಕಟ್ಟಿದ ರಾಮಲಿಂಗ ರಾಜು ಅವರ ಮಕ್ಕಳು ನಡೆಸುತ್ತಿದ್ದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ಕಟ್ಟಡ, ರಸ್ತೆ ಕಟ್ಟುವ ಕಂಪನಿ ಯಾಕೆ ಎಂದು ಕೇಳಿ ಬಾಗಿಲು ಮುಚ್ಚಬೇಕಿತ್ತು. ಮಂಡಳಿಯಲ್ಲಿ ಯಾರಿದ್ದರು ಗೊತ್ತಾ? ಹಾರ್ವರ್ಡ್ ಪ್ರೊಫೆಸರ್, ನಿವೃತ್ತ ಸಂಪುಟ ಕಾರ್ಯದರ್ಶಿ, ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಯ ಡೀನ್. ಒಬ್ಬರೂ ಕೈ ಎತ್ತಿ ಬೇಡ ಅನ್ನಲಿಲ್ಲ. ಆ ಹೊತ್ತಿನಲ್ಲಿ ರಾಜು ಕುಟುಂಬದ ಪಾಲು ನೂರಕ್ಕೆ ಒಂಬತ್ತೂ ಇರಲಿಲ್ಲ. ಅದೇ ವರ್ಷ ಆ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು! ತಡೆದದ್ದು ಷೇರುದಾರರು. ಷೇರು ಕುಸಿಯಿತು, ಹೂಡಿಕೆದಾರರು ಕೂಗಾಡಿದರು, ಕೆಲವೇ ಗಂಟೆಗಳಲ್ಲಿ ವ್ಯವಹಾರ ವಾಪಸ್. ಮುಂದಿನ ಜನವರಿ 7ಕ್ಕೆ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆ ತೂತು ಮುಚ್ಚಲಿಕ್ಕೇ ಮಕ್ಕಳ ಕಂಪನಿ ಕೊಳ್ಳುವ ನಾಟಕ ನಡೆದದ್ದು.

ನಾನು ವರದಿಗಾರನಾಗಿದ್ದಾಗ ಬೆಂಗಳೂರಿನಲ್ಲಿ ಒಂದು ಕಂಪನಿಯ ವಾರ್ಷಿಕ ಸಭೆಗೆ ಹೋಗಿದ್ದೆ. ಯಾವ ಕಂಪನಿ ಅಂತ ಬೇಡ. ವಯಸ್ಸಾದವರೊಬ್ಬರು ವಾರ್ಷಿಕ ವರದಿಯಲ್ಲಿ ಅಲ್ಲಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಬಂದಿದ್ದರು, ಪುಟ ಗುರುತಿಗೆ. ಮೈಕ್ ಸಿಕ್ಕಿದಾಗ ಕೇಳಿದರು: "ಕಚೇರಿ ಕಟ್ಟಡ ಎಂಡಿಯವರ ಮನೆಯವರದು. ಬಾಡಿಗೆ ಒಂದೇ ವರ್ಷದಲ್ಲಿ ಇಮ್ಮಡಿಯಾಗಿದೆ. ಯಾಕೆ?" ವೇದಿಕೆಯ ಮೇಲೆ ಅಧ್ಯಕ್ಷರು ನಕ್ಕರು. "ಹಿರಿಯರು, ಆಮೇಲೆ ಮಾತಾಡೋಣ" ಅಂದರು. ಅವರು ಬಿಡಲಿಲ್ಲ. ಆಗ ಹಿಂದಿನ ಸಾಲಿನಿಂದ ಯಾರೋ "ಕೂತ್ಕೊಳ್ರೀ, ಹೊತ್ತಾಯ್ತು" ಎಂದು ಕೂಗಿದರು. ಕೂಗಿದವರೂ ಷೇರುದಾರರೇ. ಹೊರಗೆ ಮೇಜಿನ ಮೇಲೆ ತಿಂಡಿ ಪೊಟ್ಟಣ ಜೋಡಿಸಿಟ್ಟಿದ್ದರು, ಅದು ಮುಗಿದುಹೋಗುವ ಭಯ. ಮುದುಕರು ಕೂತರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ನನ್ನ ತಕರಾರು ಕಂಪನಿಗಳ ಮೇಲೆ ಮಾತ್ರ ಅಲ್ಲ ಸ್ವಾಮಿ, ನಮ್ಮ ಈ ಸ್ವಭಾವದ ಮೇಲೆ. ಊರಿನ ಸಹಕಾರ ಸಂಘ ನೋಡಿ. ಸದಸ್ಯರೆಲ್ಲ ಮಾಲೀಕರು, ಆದರೆ ಒಂದೇ ಮನೆತನ ಮೂರು ತಲೆಮಾರು ಅಧ್ಯಕ್ಷಗಿರಿ ಮಾಡಿದರೂ "ಅವರೇ ಕಟ್ಟಿದ್ದಲ್ವಾ" ಎನ್ನುತ್ತೇವೆ. ವಿದ್ಯಾಸಂಸ್ಥೆಯ ಟ್ರಸ್ಟುಗಳು, ಸಂಘ, ಪರಿಷತ್ತು, ಎಲ್ಲ ಕಡೆ ಅದೇ ಮಾತು. ನಮ್ಮ ಪತ್ರಿಕೆಯವರೂ ಕಡಿಮೆ ಇಲ್ಲ. ಕಂಪನಿ ಕಟ್ಟಿದವರ ಬಗ್ಗೆ ಪುರಾಣ ಬರೆಯುತ್ತೇವೆ. ಚಪ್ಪಲಿ ಎಷ್ಟು ಸರಳ, ಊಟ ಎಷ್ಟು ಸರಳ ಅಂತ ಪುಟ ತುಂಬಿಸುತ್ತೇವೆ. ವಾರ್ಷಿಕ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ಸಂಬಂಧಪಟ್ಟವರ, ಅಂದರೆ ಧಣಿಯ ಮನೆಯವರ, ಅವರ ಬೇರೆ ಕಂಪನಿಗಳ ಜೊತೆಗಿನ ವ್ಯವಹಾರ ಅಂತ, ಆ ಪುಟ ತೆಗೆದು ಓದುವ ವರದಿಗಾರ ಕನ್ನಡದಲ್ಲಿ ಎಷ್ಟು ಜನ?

ಹಾಗಂತ ಕೇಳಿದರೆ ಏನೂ ಆಗಲ್ಲ ಅಂದುಕೊಳ್ಳಬೇಡಿ. 2017ರಲ್ಲೇ, ನೀವು ಇನ್ಫೋಸಿಸ್ ನೋಡುತ್ತಿದ್ದಾಗ, ಮುಂಬೈಯಲ್ಲಿ ಬಟ್ಟೆ ಕಂಪನಿ ರೇಮಂಡ್ ಒಂದು ಪ್ರಸ್ತಾವ ತಂದಿತ್ತು. ಬ್ರೀಚ್ ಕ್ಯಾಂಡಿಯ ಜೆ.ಕೆ. ಹೌಸ್‌ನಲ್ಲಿರುವ ಮನೆಗಳನ್ನು ಪ್ರವರ್ತಕ, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ, ಕುಟುಂಬದವರಿಗೇ ಕೊಡುವುದು, ಅದೂ ಮಾರುಕಟ್ಟೆಗಿಂತ ಎಷ್ಟೋ ಕಡಿಮೆ ದರಕ್ಕೆ. ಹೊಸ ಕಾನೂನಿನ ಪ್ರಕಾರ ಇಂಥ ವ್ಯವಹಾರದಲ್ಲಿ ಸಂಬಂಧಪಟ್ಟವರು ಅದರ ಪರವಾಗಿ ಮತ ಹಾಕುವ ಹಾಗಿಲ್ಲ. ಉಳಿದವರು ಹಾಕಿದರು. ನೂರಕ್ಕೆ 97ಕ್ಕೂ ಹೆಚ್ಚು ಮತ ವಿರುದ್ಧ ಬಿತ್ತು, ಪ್ರಸ್ತಾವ ಬಿದ್ದುಹೋಯಿತು. 2021ರಲ್ಲಿ ಐಷರ್ ಮೋಟರ್ಸ್ ಷೇರುದಾರರು ಕಂಪನಿಯ ಪ್ರವರ್ತಕರೂ ಮುಖ್ಯಸ್ಥರೂ ಆದವರ ಸಂಬಳದ ನಿರ್ಣಯವನ್ನೇ ತಡೆದರು. ಸಂಬಳದ ಮಿತಿ ಇಳಿಸಿಕೊಂಡು ಮತ್ತೆ ಬಂದ ಮೇಲೆ ಒಪ್ಪಿದರು. ಯಾರೂ ಯಾರನ್ನೂ ಬೈಯಲಿಲ್ಲ, ಟಿವಿಗೆ ಹೋಗಲಿಲ್ಲ. ಮತ ಹಾಕಿದರು ಅಷ್ಟೆ.

ನಿಮಗೆ ಗೊತ್ತಿರಲಿ ಅಂತ ಇನ್ನೊಂದು. 2013ರ ಕಂಪನಿ ಕಾಯ್ದೆಯ 151ನೇ ಕಲಮಿನ ಪ್ರಕಾರ ಸಣ್ಣ ಷೇರುದಾರರು ಮಂಡಳಿಗೆ ತಮ್ಮದೇ ನಿರ್ದೇಶಕನನ್ನು ಕೇಳಬಹುದು. ಮುಖಬೆಲೆಯಲ್ಲಿ (ಪೇಟೆಯ ಬೆಲೆಯಲ್ಲ, ಷೇರಿನ ಮೇಲೆ ನಮೂದಾದ ಬೆಲೆ) 20 ಸಾವಿರ ರೂಪಾಯಿವರೆಗಿನ ಷೇರು ಇರುವವರು ಸಣ್ಣವರು. ಇನ್ಫೋಸಿಸ್ ಷೇರಿನ ಮುಖಬೆಲೆ ಐದು ರೂಪಾಯಿ, ಅಂದರೆ ನಾಲ್ಕು ಸಾವಿರ ಷೇರಿನವರೆಗೂ ನೀವು ಸಣ್ಣವರೇ. ಸಾವಿರ ಜನ, ಅಥವಾ ಸಣ್ಣ ಷೇರುದಾರರಲ್ಲಿ ಹತ್ತರಲ್ಲೊಂದು ಪಾಲು, ಯಾವುದು ಕಡಿಮೆಯೋ ಅಷ್ಟು ಮಂದಿ ನೋಟಿಸ್ ಕೊಟ್ಟರೆ ಸಾಕು. ದಾವಣಗೆರೆ, ಹುಬ್ಬಳ್ಳಿ, ಮಂಗಳೂರು ಸೇರಿದರೆ ಸಾವಿರ ಷೇರುದಾರರು ಸಿಗಲ್ವಾ?

ಪತ್ರದ ಕೊನೆಯಲ್ಲಿ ಆ ಅರವತ್ತು ಷೇರು ಇಟ್ಟುಕೊಳ್ಳಲೋ ಮಾರಲೋ ಎಂದು ಕೇಳಿದ್ದೀರಿ. ಅದನ್ನು ಹೇಳಲು ಷೇರುಪೇಟೆಯ ನಿಯಂತ್ರಕ ಸೆಬಿಯ ಪರವಾನಗಿ ಬೇಕು, ನನಗಿಲ್ಲ. ಪಿಂಚಣಿ ಬಗ್ಗೆ ಬರೆದ ಎರಡು ಪ್ಯಾರಾ ಕತ್ತರಿಸಿದ್ದೇನೆ, ಅದನ್ನು ಬೇರೆ ಪತ್ರವಾಗಿ ಕಳಿಸಿ. ಮುಂದಿನ ಸಲ ಇ-ವೋಟಿಂಗ್ ಇಮೇಲ್ ಬಂದಾಗ ಸುಮ್ನೆ ಅಳಿಸಬೇಡಿ. ಯಾವ ನಿರ್ಣಯಕ್ಕೆ ಏನು ಒತ್ತಿದಿರಿ, ಯಾಕೆ ಅಂತ ನಮಗೊಂದು ಸಾಲು ಬರೆಯಿರಿ. ಅದನ್ನು ಕತ್ತರಿಸದೆ ಹಾಕುತ್ತೇನೆ.

— ಸಂ.