ನಿಮ್ಮ ಸೆಲ್ಮಾದಲ್ಲಿ ಅರ್ಧ ಊರಿಗೆ ಹೆಸರೇ ಇಲ್ಲ

ನಮಸ್ಕಾರ.

‘ಅಲಬಾಮಾದ ನನ್ನೂರು’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ನಾವು ಹಾಕುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಉತ್ತರವನ್ನು ‘ಬರಹಗಾರರಿಗೆ ಸಲಹೆ’ಯಲ್ಲಿ ಹಾಕುತ್ತಿದ್ದೇವೆ. ಬಿಟ್ಟುಬಂದ ಊರಿನ ಬಗ್ಗೆ ನಮಗೆ ಬರೆದು ಕಳಿಸುವವರು ತುಂಬಾ ಜನ. ಅವರಿಗೂ ಉಪಯೋಗವಾದೀತು.

ಲೇಖನ ಓದದವರಿಗೆ ನಾಲ್ಕು ಮಾತು. 1983ರಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗದಗಿನಿಂದ ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಸಣ್ಣ ಊರಿಗೆ ಹೋಗುತ್ತಾಳೆ. ಅಪ್ಪ ಅಲ್ಲಿ ಡಾಕ್ಟರು. ನದಿ ದಂಡೆ, ಹಿತ್ತಲಿನ ಪೆಕನ್ ಮರ, ಶನಿವಾರ ಬ್ರಾಡ್ ಸ್ಟ್ರೀಟಿನಲ್ಲಿ ಐಸ್ ಕ್ರೀಮ್. ಕಾಲೇಜಿಗೆ ಅಂತ ಊರು ಬಿಟ್ಟವಳು ಮತ್ತೆ ಅಲ್ಲಿ ನೆಲೆಸಲಿಲ್ಲ. 2023ರ ಜನವರಿ 12ರಂದು ಸುಂಟರಗಾಳಿ ಊರ ಮಧ್ಯೆ ಹಾದುಹೋಯಿತು. ಸುದ್ದಿ ಕೇಳಿ ನೋಡಲು ಹೋದರೆ ಅರ್ಧ ಅಂಗಡಿಗಳಿಗೆ ಬೀಗ, ಮನೆಗಳ ಮೇಲೆ ನೀಲಿ ತಾಡಪಾಲು. ಇಷ್ಟು ಕಥೆ. ಮುಕ್ಕಾಲು ಪಾಲು ಸಿಹಿ ನೆನಪು, ಕೊನೆಯ ಕಾಲು ಪಾಲು ಸಂಕಟ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅವ್ವ ಬೆಂಡೆಕಾಯಿ ಕೊಳ್ಳುವ ಜಾಗ. ರಸ್ತೆ ಬದಿ ಪಿಕಪ್ ಗಾಡಿ ನಿಲ್ಲಿಸಿಕೊಂಡು ಒಬ್ಬ ಅಜ್ಜಿ ತರಕಾರಿ ಮಾರುತ್ತಿದ್ದಾಳೆ. ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬುಟ್ಟಿಯಲ್ಲಿ ಬೆಂಡೆಕಾಯಿ, ಪಕ್ಕದ ಚೀಲದಲ್ಲಿ ಅಲಸಂದೆ ಕಾಳು ಕಂಡು ಜೀವ ಬಂದಂತಾಗುತ್ತದೆ. ಗದಗಿನ ಸಂತೆಯಲ್ಲಿ ಮಾಡಿದ ಹಾಗೇ ಒಂದೊಂದೇ ಕಾಯಿಯ ತುದಿ ಚಟ್ಟನೆ ಮುರಿದು ನೋಡುತ್ತಾಳೆ. ಅಜ್ಜಿ ಬೈಯುವುದಿಲ್ಲ. ತಾನೂ ಒಂದು ಕಾಯಿ ತಗೊಂಡು ಹಾಗೇ ಮುರಿದು ತೋರಿಸಿ ನಗುತ್ತಾಳೆ. ಅಲ್ಲಿನವರು ಬೆಳಿಗ್ಗೆ ತಿನ್ನುವ ಗ್ರಿಟ್ಸ್ ಅಂದರೆ ಗೋವಿನಜೋಳದ ನುಚ್ಚೇ ಅಂತ ಅವ್ವ ಕಂಡುಕೊಂಡಿದ್ದು, ಅದಕ್ಕೆ ಮಜ್ಜಿಗೆ ಕಲಸಿ ಉಪ್ಪಿನಕಾಯಿ ಜೊತೆ ನಿಮಗೆ ಕೊಟ್ಟಿದ್ದು, ಇದೆಲ್ಲ ಓದುವಾಗ ಆ ಅಡುಗೆಮನೆಯಲ್ಲೇ ಕೂತ ಹಾಗಿತ್ತು. ಇದನ್ನು ಯಾರೂ ನಿಮಗೆ ಕಲಿಸಿಲ್ಲ. ನೀವು ಬರೆಯಬಲ್ಲಿರಿ.

ಆದರೆ ಇಡೀ ಪ್ರಸಂಗಕ್ಕೆ ನೀವು ಕೊಟ್ಟಿದ್ದು ಆರೇ ಸಾಲು. ಮ್ಯಾಗ್ನೋಲಿಯಾ ಹೂವಿಗೆ ಒಂದು ಪುಟ. ಬೆಂಡೆ, ಅಲಸಂದೆ ಎರಡೂ ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕಾದಿಂದ ಅಮೆರಿಕಕ್ಕೆ ಬಂದವು. ಹೊಸ ವರ್ಷದ ದಿನ ಅಲಸಂದೆ ತಿಂದರೆ ವರ್ಷವಿಡೀ ಒಳ್ಳೆಯದಾಗುತ್ತದೆ ಅಂತ ದಕ್ಷಿಣದವರು ಇವತ್ತಿಗೂ ನಂಬುತ್ತಾರೆ. ಆ ಅಜ್ಜಿಗೂ ನಿಮ್ಮ ಅವ್ವನಿಗೂ ನಡುವೆ ಇದ್ದ ಮಾತಿಲ್ಲದ ಸಂಬಂಧಕ್ಕೆ ಇಷ್ಟು ಆಳವಿದೆ. ಹೂವನ್ನು ತೆಗೆದು ಈ ಜಾಗ ಹಿಗ್ಗಿಸಿ.

ಈಗ ನನಗೆ ನಿಜವಾಗಿ ತೊಂದರೆ ಕೊಟ್ಟ ವಿಷಯ. ಎರಡನೇ ಸಲ ಓದುವಾಗ ಹೆಸರುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಪಕ್ಕದ ಮನೆಯ ವಕೀಲರು, ಅವರ ಹೆಂಡತಿ, ಪಿಯಾನೋ ಟೀಚರ್, ಬ್ಯಾಂಕ್ ಮ್ಯಾನೇಜರ್, ನಿಮ್ಮ ಗೆಳತಿಯರು. ಎಲ್ಲರಿಗೂ ಹೆಸರಿದೆ, ಎಲ್ಲರೂ ಬಿಳಿಯರು. ಕಪ್ಪು ಜನ ಬಂದಾಗ? ‘ಒಬ್ಬ ಅಜ್ಜಿ’, ‘ಮನೆಗೆಲಸದಾಕೆ’, ‘ಹುಲ್ಲು ಕತ್ತರಿಸುವವನು’, ‘ಅಪ್ಪನ ಆಸ್ಪತ್ರೆಯ ನರ್ಸು’. ಮನೆಗೆಲಸದಾಕೆ ಏಳು ವರ್ಷ ನಿಮ್ಮ ಮನೆಗೆ ಬಂದರು, ದಿನಾ ನಿಮಗೆ ಜಡೆ ಹಾಕಿದರು ಅಂತ ನೀವೇ ಬರೆದಿದ್ದೀರಿ. ಅವರ ಹೆಸರು ನಿಮಗೆ ಗೊತ್ತಿರಲೇಬೇಕು.

ನೀವು ಬೇಕಂತ ಹೀಗೆ ಮಾಡಿಲ್ಲ, ಗೊತ್ತು. ಆದರೆ ನೀವು ಹೋದಾಗಲೇ ಸೆಲ್ಮಾದ ಸುಮಾರು ಅರ್ಧದಷ್ಟು ಜನ ಕಪ್ಪು ಜನಾಂಗದವರು. ಈಗ ಹತ್ತರಲ್ಲಿ ಎಂಟು ಜನ ಅವರೇ. ಅವರಿಗೆ ಹೆಸರಿಲ್ಲದ ಸೆಲ್ಮಾ ಅಂದರೆ ಅದು ಯಾವ ಊರು? ನೀವು ‘ನಮ್ಮೂರು’ ಅಂದಾಗೆಲ್ಲ ನನಗೆ ಒಂದೇ ಬೀದಿ ಕಾಣುತ್ತದೆ.

ಕೊನೆಯ ಕಾಲು ಪಾಲಿಗೆ ಬರೋಣ. ‘ಕಾಲ ನಮ್ಮೂರನ್ನು ನುಂಗಿತು’ ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ಊರಿಗೆ ಆದದ್ದಕ್ಕೆ ಇಸವಿ ಇದೆ, ಕಾರಣ ಇದೆ, ತೀರ್ಮಾನ ತಗೊಂಡ ಜನ ಇದ್ದಾರೆ. ಊರ ಪಕ್ಕದಲ್ಲೇ ಕ್ರೇಗ್ ಎಂಬ ವಾಯುಪಡೆ ನೆಲೆ ಇತ್ತು. ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಜಾಗ. ಅಂಗಡಿ, ಬಾಡಿಗೆ ಮನೆ, ಹೋಟೆಲು, ಎಷ್ಟೋ ಜನರ ಹೊಟ್ಟೆ ಅದರಿಂದಲೇ ತುಂಬುತ್ತಿತ್ತು. 1977ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ಹತ್ತಿ ಬಿಡಿಸಲು ಯಂತ್ರ ಬಂದಮೇಲೆ ಹೊಲದ ಕೂಲಿ ಅದಕ್ಕೂ ಮುಂಚೆಯೇ ಹೋಗಿತ್ತು. 1960ರಲ್ಲಿ 28 ಸಾವಿರ ದಾಟಿದ್ದ ಜನಸಂಖ್ಯೆ 2020ಕ್ಕೆ 18 ಸಾವಿರದೊಳಗೆ ಇಳಿಯಿತು.

ಇಸವಿ ಇನ್ನೊಮ್ಮೆ ನೋಡಿ. ನೆಲೆ ಮುಚ್ಚಿ ಆರು ವರ್ಷ ಆದಮೇಲೆ ನೀವು ಆ ಊರಿಗೆ ಬಂದಿರಿ. ನೀವು ಐಸ್ ಕ್ರೀಮ್ ತಿಂದ ಬ್ರಾಡ್ ಸ್ಟ್ರೀಟ್ ಆಗಲೇ ಪೆಟ್ಟು ತಿಂದ ಬೀದಿ. ‘ಆಗ ಎಲ್ಲ ಚೆನ್ನಾಗಿತ್ತು, ಆಮೇಲೆ ಹಾಳಾಯಿತು’ ಅನ್ನುವ ನಿಮ್ಮ ಕಥೆಯ ಕಟ್ಟು ಇಲ್ಲೇ ಬಿಚ್ಚಿಹೋಗುತ್ತದೆ. ಚೆನ್ನಾಗಿತ್ತು ಅಂತ ನಿಮಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದು ಡಾಕ್ಟರ ಮನೆಯ ಕಿಟಕಿಯಿಂದ ಕಂಡಿದ್ದು. ಅದನ್ನು ಬಾಯಿಬಿಟ್ಟು ಹೇಳಿ. ಹೇಳಿದರೆ ನಿಮ್ಮ ನೆನಪಿನ ಬೆಲೆ ಕಡಿಮೆ ಆಗುವುದಿಲ್ಲ, ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಆಮೇಲೆ ಶಾಲೆ. ‘ನಮ್ಮ ಪುಟ್ಟ ಪ್ರೈವೇಟ್ ಶಾಲೆ’ ಅಂತ ಪ್ರೀತಿಯಿಂದ ಬರೆದಿದ್ದೀರಿ. ಯೂನಿಫಾರ್ಮ್, ಪ್ರಾರ್ಥನೆ, ಕ್ಲಾಸ್ ಫೋಟೋದಲ್ಲಿ ನೀವೊಬ್ಬರೇ ಕಂದು ಬಣ್ಣದವರು. ಅದು ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಅಂತ ನೀವು ಎಲ್ಲೂ ಕೇಳಿಕೊಂಡಿಲ್ಲ. ಕಪ್ಪು, ಬಿಳಿ ಮಕ್ಕಳು ಒಂದೇ ಸರ್ಕಾರಿ ಶಾಲೆಯಲ್ಲಿ ಕಲಿಯಬೇಕು ಅಂತ ಕೋರ್ಟು ಹೇಳಿದಮೇಲೆ ದಕ್ಷಿಣದ ಊರೂರಲ್ಲೂ ಬಿಳಿಯರು ತಮ್ಮ ಮಕ್ಕಳಿಗಾಗಿ ಬೇರೆ ಖಾಸಗಿ ಶಾಲೆ ತೆರೆದರು. ಸೆಲ್ಮಾದಲ್ಲೂ ತೆರೆದರು. ನಿಮ್ಮದು ಅಂಥದ್ದೇ ಅಂತ ನಾನು ಹೇಳುತ್ತಿಲ್ಲ. ನೀವು ವಿಚಾರಿಸಿ ಬರೆಯಬೇಕು ಅಂತ ಹೇಳುತ್ತಿದ್ದೇನೆ. ನಿಮ್ಮ ಅಪ್ಪ ಸರ್ಕಾರಿ ಶಾಲೆ ಬಿಟ್ಟು ಅಲ್ಲಿಗೇ ಯಾಕೆ ಸೇರಿಸಿದರು? ಯಾರ ಸಲಹೆ ಕೇಳಿದರು? ನಿಮ್ಮನ್ನು ಸೇರಿಸಿಕೊಂಡ ಶಾಲೆ ಆ ಜಡೆ ಹಾಕಿದಾಕೆಯ ಮಗಳನ್ನು ಸೇರಿಸಿಕೊಳ್ಳುತ್ತಿತ್ತಾ?

ಲೆಕ್ಕ ಹಾಕಿದರೆ 1990ರಲ್ಲಿ ನಿಮಗೆ ಹದಿನಾರು. ಆ ವರ್ಷದ ಶುರುವಿನಲ್ಲಿ ಸೆಲ್ಮಾದ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಗಲಾಟೆ. ಮಕ್ಕಳನ್ನು ‘ಮಟ್ಟ’ ನೋಡಿ ಬೇರೆ ಬೇರೆ ಕ್ಲಾಸಿಗೆ ಹಾಕುವ ಪದ್ಧತಿ ಇತ್ತು. ಕೆಳಗಿನ ಮಟ್ಟದಲ್ಲಿ ಜಾಸ್ತಿ ಇದ್ದವರು ಕಪ್ಪು ಮಕ್ಕಳೇ. ಅದನ್ನು ಸರಿಪಡಿಸಲು ಹೊರಟ, ಊರಿನ ಮೊದಲ ಕಪ್ಪು ಶಿಕ್ಷಣಾಧಿಕಾರಿಯನ್ನು ಮುಂದುವರಿಸುವುದು ಬೇಡ ಅಂತ ಬಿಳಿಯರೇ ಹೆಚ್ಚಿದ್ದ ಶಾಲಾ ಮಂಡಳಿ ತೀರ್ಮಾನಿಸಿತು. ಮಕ್ಕಳು ಬೀದಿಗಿಳಿದರು, ಹೈಸ್ಕೂಲಿನ ಒಳಗೇ ಧರಣಿ ಕೂತರು, ಕೆಲವು ದಿನ ಶಾಲೆಗಳಿಗೆ ಬೀಗ ಬಿತ್ತು. ಆಮೇಲೆ ಉಳಿದಿದ್ದ ಬಿಳಿ ಮಕ್ಕಳೂ ಖಾಸಗಿ ಶಾಲೆಗೋ ಬೇರೆ ಊರಿಗೋ ಹೋದರು. ಜನ ಹೋದ ಹಾಗೆ ತೆರಿಗೆ, ವ್ಯಾಪಾರ, ಮನೆಯ ಬೆಲೆ ಎಲ್ಲವೂ ಇಳಿಯಿತು. ಆ ದಿನ ನೀವೆಲ್ಲಿದ್ದಿರಿ? ನಿಮ್ಮ ಕ್ಲಾಸಿನಲ್ಲಿ ಏನು ಮಾತಾಡಿಕೊಂಡರು? ರಾತ್ರಿ ಊಟದ ಹೊತ್ತಿಗೆ ಅಪ್ಪ ಏನಂದರು? ಏನೂ ಅನ್ನಲಿಲ್ಲ ಅಂದರೆ ಅದನ್ನೇ ಬರೆಯಿರಿ. ನಿಮ್ಮ ಲೇಖನದ ಜೀವ ಇಲ್ಲಿದೆ ಅಂತ ನನ್ನ ನಂಬಿಕೆ.

ಇನ್ನು ಸೇತುವೆ. ಸೆಲ್ಮಾ ಅಂದರೆ ಲೋಕಕ್ಕೆ ಗೊತ್ತಿರುವುದು ಎಡ್ಮಂಡ್ ಪೆಟಸ್ ಸೇತುವೆ. ನೀವು ಮೂರು ಪುಟ ತುಂಬಾ ಚರಿತ್ರೆ ಬರೆದಿದ್ದೀರಿ. ಎಲ್ಲೋ ಓದಿ ಇಳಿಸಿದ ಹಾಗಿದೆ, ನಿಮ್ಮ ದನಿಯೇ ಇಲ್ಲ. ಕನ್ನಡದ ಓದುಗರಿಗೆ ಇಷ್ಟು ಸಾಕು: 1965ರಲ್ಲಿ ಆ ಜಿಲ್ಲೆಯ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು, ಆದರೆ ಅವರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಎರಡು. ಹಕ್ಕು ಕೇಳಿ ಮಾರ್ಚ್ 7ರಂದು ಸುಮಾರು 600 ಜನ ಸೇತುವೆ ದಾಟಿ ರಾಜ್ಯದ ರಾಜಧಾನಿ ಮಾಂಟ್ಗಮರಿಗೆ ಹೊರಟರು. ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ ಯುವ ನಾಯಕ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯ್ದೆ ಬಂತು. ಸೇತುವೆಗೆ ಇವತ್ತಿಗೂ ಇರುವುದು ಗುಲಾಮಗಿರಿಯ ಪರ ಕಾದಾಡಿದ, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪಿನ ಜೊತೆಗಿದ್ದ ಸೇನಾಧಿಕಾರಿಯ ಹೆಸರು.

ನೀವು ಬಿಟ್ಟಿರುವ ಮಾತು ಬೇರೆಯೇ ಇದೆ, ಅದು ನೀವೇ ಬರೆಯಬೇಕಾದದ್ದು. ಅದೇ 1965ರ ಅಕ್ಟೋಬರಿನಲ್ಲಿ ಅಮೆರಿಕದ ವಲಸೆ ಕಾಯ್ದೆ ಬದಲಾಯಿತು. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ. ಹುಟ್ಟಿದ ದೇಶ ನೋಡಿ ಮನುಷ್ಯರನ್ನು ಅಳೆಯುವುದು ತಪ್ಪು ಅಂತ ಆ ದೇಶ ಒಪ್ಪಿಕೊಂಡಿದ್ದರಲ್ಲಿ, ಬಣ್ಣ ನೋಡಿ ಅಳೆಯಬೇಡಿ ಅಂತ ಬೀದಿಗಿಳಿದವರ ಪಾಲು ದೊಡ್ಡದು. ಬೇರೆ ಡಾಕ್ಟರುಗಳು ಹೋಗಲು ಒಪ್ಪದ ಇಂಥ ಸಣ್ಣ ಊರುಗಳಿಗೆ ಭಾರತದ ಡಾಕ್ಟರುಗಳು ಹೋದದ್ದು ಆ ಬಾಗಿಲು ತೆರೆದಮೇಲೆ. ನಿಮ್ಮ ಅಪ್ಪ ದಿನಾ ಕಾರಿನಲ್ಲಿ ದಾಟುತ್ತಿದ್ದ ಸೇತುವೆ ಮೇಲೆ ಏಟು ತಿಂದವರ ಋಣ ನಿಮ್ಮ ಮನೆಗೂ ಇದೆ. ಅಪ್ಪನಿಗೆ ಇದು ಗೊತ್ತಿತ್ತಾ? ಅವರ ಕೈಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಅವತ್ತು ನಡೆದವರು ಇದ್ದರಾ? ಅಪ್ಪ ಇನ್ನೂ ಇದ್ದಾರೆ, ಎಲ್ಲ ನೆನಪಿದೆ ಅಂತ ಬರೆದಿದ್ದೀರಿ. ಫೋನ್ ಮಾಡಿ ಕೇಳಿ.

ಗದಗಿನ ಕಡೆಯವರು ನೀವು, ಆದ್ದರಿಂದ ಇನ್ನೊಂದು. ಸೆಲ್ಮಾದ ಸುತ್ತ ಇರುವುದು ಕಪ್ಪು ಮಣ್ಣಿನ ಸೀಮೆ, ಅಲ್ಲಿ ಗುಲಾಮರ ದುಡಿಮೆಯಿಂದ ಹತ್ತಿ ಬೆಳೆದರು. ನಿಮ್ಮ ಅಜ್ಜನ ಎರೆಹೊಲದಲ್ಲೂ ಹತ್ತಿಯೇ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೀಜವನ್ನೂ ಅಲ್ಲಿನ ಹತ್ತಿ ಬೆಳೆಗಾರರನ್ನೂ ಧಾರವಾಡ ಸೀಮೆಗೆ ತಂದಿತ್ತು. ಆ ತಳಿಗೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರಾಯಿತು. 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಬಂದ್ ಆದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಹತ್ತಿಗೆ ಕೈಚಾಚಿದವು, ಬೆಲೆ ಗಗನಕ್ಕೇರಿತು. ಆ ಹೊತ್ತಿಗೆ ಸೆಲ್ಮಾದಲ್ಲಿ ದಕ್ಷಿಣದ ಸೈನ್ಯಕ್ಕೆ ಫಿರಂಗಿ ಎರಕ ಹೊಯ್ಯುತ್ತಿದ್ದರು. 1865ರಲ್ಲಿ ಯುದ್ಧ ಮುಗಿಯಿತು. ಅಲ್ಲಿ ಸೆಲ್ಮಾ ಸುಟ್ಟಿತ್ತು, ಇಲ್ಲಿ ಹತ್ತಿಯ ಬೆಲೆ ಬಿತ್ತು. ನಿಮ್ಮ ಎರಡೂ ಊರುಗಳು ನಿಮ್ಮ ಅಪ್ಪ ವಿಮಾನ ಹತ್ತುವ ನೂರು ವರ್ಷ ಮೊದಲೇ ಒಂದೇ ಮಾರುಕಟ್ಟೆಯಲ್ಲಿ ಗಂಟು ಬಿದ್ದಿದ್ದವು. ಪಾಠದ ಹಾಗೆ ಬರೆಯಬೇಡಿ. ಅಪ್ಪ ಅಲ್ಲಿನ ಹೊಲದ ಮಣ್ಣನ್ನು ಕೈಗೆತ್ತಿಕೊಂಡು ಹಿಸುಕಿ ನೋಡಿದರು ಅಂತ ಒಂದು ಸಾಲು ಇದೆಯಲ್ಲ, ಅಲ್ಲಿ ತನ್ನಿ.

ತೆಗೆಯಬೇಕಾದದ್ದು: ಮ್ಯಾಗ್ನೋಲಿಯಾ, ಸೂರ್ಯಾಸ್ತ, ‘ಸ್ವರ್ಗ’ ಅನ್ನುವ ಮಾತು ಬರುವ ಎಲ್ಲ ಜಾಗ, ಕೊನೆಯ ಪದ್ಯ. ಅಧ್ಯಕ್ಷರುಗಳ ಪಟ್ಟಿಯನ್ನೂ ತೆಗೆಯಿರಿ. ಕ್ಲಿಂಟನ್, ಒಬಾಮಾ, ಬೈಡನ್ ಮಾರ್ಚಿನಲ್ಲಿ ಬಂದು ಸೇತುವೆ ಬಳಿ ಭಾಷಣ ಮಾಡಿದರು, ನಿಜ. ಮರುದಿನ ಬೆಳಿಗ್ಗೆ ಬ್ರಾಡ್ ಸ್ಟ್ರೀಟಿನಲ್ಲಿ ಯಾವ ಅಂಗಡಿ ಬಾಗಿಲು ತೆರೆಯಿತು ಅಂತ ನೀವು ನೋಡಿದ್ದರೆ ಅದನ್ನು ಬರೆಯಿರಿ.

ನೀಲಿ ತಾಡಪಾಲಿನ ಬಗ್ಗೆಯೂ ಒಂದು ಪ್ರಶ್ನೆ. ಅದು ಯಾರ ಮನೆಯ ಮೇಲಿತ್ತು? ವಿಮೆ ಇದ್ದವರು ಮನೆ ಸರಿ ಮಾಡಿಸಿಕೊಂಡರಾ, ಇಲ್ಲದವರು ಹಾಗೇ ಉಳಿದರಾ? ನೀವು ಕಾರಿನಿಂದ ಇಳಿದ ಹಾಗೆ ಬರಹದಲ್ಲಿ ಕಾಣುವುದಿಲ್ಲ. ಇಳಿಯದಿದ್ದರೆ ಇನ್ನೊಮ್ಮೆ ಹೋಗಿ ಬನ್ನಿ. ಬಡತನ ಇದೆ ಅಂತ ಊರನ್ನು ಕರುಣೆಯಿಂದ ನೋಡಬೇಡಿ. ಅಲ್ಲೇ ಉಳಿದು ಬದುಕುತ್ತಿರುವವರಿಗೆ ಅದು ಅವಮಾನ. ಸುಮಾರು 35 ವರ್ಷ ಒಬ್ಬರೇ ಬಿಳಿಯ ಮೇಯರ್ ಇದ್ದ ಊರು 2000ರಲ್ಲಿ ಮತ ಹಾಕಿ ಮೊದಲ ಕಪ್ಪು ಮೇಯರನ್ನು ಆರಿಸಿಕೊಂಡಿತು. ಆ ಜನರ ಗಟ್ಟಿತನವೂ ಬರಲಿ.

ಉದ್ದದ ಚಿಂತೆ ಬೇಡ. ಮೂರು ಸಾವಿರ ಪದ ಆದರೂ ಹಾಕುತ್ತೇವೆ. ಬೆಂಡೆಕಾಯಿಯಿಂದ ಶುರುಮಾಡಿ. ಜಡೆ ಹಾಕಿದಾಕೆ ಅಥವಾ ಅವರ ಮಕ್ಕಳು ಸಿಕ್ಕರೆ, ಅವರ ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಿ. ಬೇಡ ಅಂದರೆ ಬೇರೆ ಹೆಸರು ಕೊಟ್ಟು ಹಾಗಂತ ಬರೆಯಿರಿ. ಅವರು ನಿಮ್ಮ ಬಗ್ಗೆ, ನಿಮ್ಮ ಮನೆಯ ಬಗ್ಗೆ ಏನು ಹೇಳುತ್ತಾರೋ ಅದೂ ಲೇಖನದಲ್ಲಿರಲಿ, ನಿಮಗೆ ಹಿತವಾಗದಿದ್ದರೂ. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ